ಜೇಡಕ್ಕೆ ಹೊಡೆದ ಎಣ್ಣಿ

ಇಳಕಲ್ಲಿನ ಹಳೆಯ ಓಣಿಯೊಂದರಲ್ಲಿ ಶಿವಲಿಂಗಪ್ಪನವರ ಮನೆ. ಪಡಸಾಲೆಯ ಅರ್ಧವನ್ನು ಕುಣಿ ಮಗ್ಗವೇ ನುಂಗಿಕೊಂಡಿದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಉಳಿದರ್ಧದಲ್ಲಿ ನೂಲಿನ ಗಂಟುಗಳು, ಮುರಿದ ರಾಟೆ, ಯಾವ ಕಾಲದ್ದೋ ತಗಡಿನ ಪೆಟ್ಟಿಗೆ, ಅದರ ಮೇಲೆ ಮತ್ತೆ ಗಂಟುಗಳು. ಈ ಗಂಟುಗಳ ಸಂದಿಯಲ್ಲಿ, ಕುಣಿಯ ಮೂಲೆಯಲ್ಲಿ, ಜಂತಿಯ ಸಾಲಿನಲ್ಲಿ, ಬಾಗಿಲ ಹಿಂದೆ ತೂಗುವ ಅಂಗಿಗಳ ಮಡಿಕೆಯಲ್ಲಿ ಜೇಡಗಳು. ಸೊಸೆ ಚೇತನಾ ಈ ಮನೆಗೆ ಬಂದು ಆರು ವರ್ಷವಾಗಿತ್ತು. ಮೊದಲ ಐದು ವರ್ಷ ಅವು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಎರಡನೆಯ ಕೂಸು ಕಲ್ಲೇಶ ಅಂಬೆಗಾಲಿಡಲು ಶುರು ಮಾಡಿದ ಮೇಲೆ ಬೇರೇನೂ ಬೀಳದಂತಾಯಿತು.

ಹನ್ನೊಂದು ತಿಂಗಳ ಕಲ್ಲೇಶನಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ನೂಲಿನ ತುಂಡು, ಅಕ್ಕನ ಚಪ್ಪಲಿಯ ಪಟ್ಟಿ, ಮಣ್ಣು. ಒಂದು ದಿನ ಚೇತನಾ ರೊಟ್ಟಿ ಬಡಿಯುತ್ತ ತಿರುಗಿ ನೋಡಿದರೆ, ಮಗನ ತುಟಿಯ ಸಂದಿಯಿಂದ ಕಡ್ಡಿಯಂಥ ನಾಲ್ಕು ಕಾಲು ಹೊರಗೆ ಚಾಚಿಕೊಂಡಿದ್ದವು. ಹಿಟ್ಟಿನ ಕೈಯಲ್ಲೇ ಓಡಿ ಬಂದು ಬೆರಳು ಹಾಕಿ ತೆಗೆದಳು.

“ಅತ್ಯಾರ, ಕೂಸಿನ ಬಾಯಾಗ ಜ್ಯಾಡ ಇತ್ರಿ!”

ಅತ್ತೆ ಕಾಳವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ತಗದಿ ಹೌದಿಲ್ಲೋ? ಮತ್ತ್ಯಾಕ ಒದರಾಕತ್ತಿ? ನಿನ್ನ ಗಂಡ ಮುತ್ತೂನೂ ಸಣ್ಣಾಂವಿದ್ದಾಗ ಒಮ್ಮೆ ತಿಂದಿದ್ದ. ಏನಾತು? ಕೋಣದಂಗ ಬೆಳದಾನ.”

ಮಗ್ಗದ ಮೇಲಿದ್ದ ಮಾವ ನಕ್ಕರು. ಸಂಜೆ ಪವರ್‌ಲೂಮ್ ಕೆಲಸ ಮುಗಿಸಿ ಬಂದ ಗಂಡ ಮುತ್ತುರಾಜ ಕೇಳಿ ಇನ್ನೂ ಜೋರಾಗಿ ನಕ್ಕ. ಚೇತನಾ ಒಬ್ಬಳಿಗೇ ನಗು ಬರಲಿಲ್ಲ.

ಬಲೆ ಹೊಡೆಯೋಣವೆಂದರೆ ಆ ಮನೆಯಲ್ಲಿ ಅದಕ್ಕೂ ಕಟ್ಟಳೆ. ಮಂಗಳವಾರ, ಶುಕ್ರವಾರ ಕಾಳವ್ವ ಬಲೆಗೆ ಕಸಬರಿಗೆ ಮುಟ್ಟಿಸಗೊಡಳು, ಲಕ್ಷ್ಮಿ ಹೋಗುತ್ತಾಳಂತೆ. ಉಳಿದ ದಿನ ಮಗ್ಗದ ಮೇಲೆ ಹಾಸು, ಅಂದರೆ ನೇಯಲು ಹೂಡಿದ ಉದ್ದೆಳೆ, ಇರುತ್ತದೆ; ಧೂಳು ಬಿದ್ದರೆ ರೇಷ್ಮೆ ಕೆಡುತ್ತದೆಂದು ಮಾವ ತಡೆಯುತ್ತಾರೆ. ಮಗ್ಗಕ್ಕೆ ಬಿಡುವು ಅಮಾವಾಸ್ಯೆಗೊಮ್ಮೆ. ಆ ಅಮಾವಾಸ್ಯೆ ಮಂಗಳವಾರ ಬಂದರೆ ಆ ತಿಂಗಳು ಅಷ್ಟೇ. ಗಂಟುಗಳನ್ನಾದರೂ ಮಾಳಿಗೆಗೆ ಸಾಗಿಸೋಣವೆಂದರೆ ಶಿವಲಿಂಗಪ್ಪನವರು, “ಅವು ನಮ್ಮಪ್ಪನ ಕಾಲದ ನೂಲು, ಮುಟ್ಟಬ್ಯಾಡ,” ಎಂದುಬಿಡುತ್ತಿದ್ದರು. ಹೆಚ್ಚು ಮಾತಾಡಿದರೆ ಇನ್ನೊಂದು ಮಾತು ಕಾದೇ ಇರುತ್ತಿತ್ತು: “ಅದೂ ನೇಯತೈತಿ, ನಾವೂ ನೇಯತೇವಿ. ನೇಯೋ ಮಂದಿ ಅದರ ಬಲಿ ಹರೀಬಾರದವಾ. ಸೊಳ್ಳಿ ಯಾರ ತಿಂತಾರ ಹೇಳು, ನೀ ತಿಂತಿಯೇನು?”

ಅದೂ ಸುಳ್ಳಲ್ಲ. ಚೇತನಾಳ ಸಿಟ್ಟು ಪಾತ್ರೆಗಳ ಮೇಲೆ ಹೋಗುತ್ತಿತ್ತು. ಮನೆಯವರಿಗೆಲ್ಲ ಜೇಡದ ಬಗ್ಗೆ ಒಂದೊಂದು ಮಾತಿತ್ತು. ಕಸಬರಿಗೆ ಮಾತ್ರ ಅವಳ ಪಾಲಿಗೇ ಇತ್ತು. ಅದನ್ನೂ ಎತ್ತಗೊಡುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಕಲ್ಲೇಶ ಚೀರಿಕೊಂಡು ಎದ್ದ. ಕಿವಿಯ ಕೆಳಗಿನಿಂದ ಕುತ್ತಿಗೆಯ ತನಕ ಬೆರಳಷ್ಟು ಅಗಲದ ಕೆಂಪು ಪಟ್ಟಿ. ಅದರ ಮೇಲೆ ಸಣ್ಣ ಸಣ್ಣ ನೀರ್ಗುಳ್ಳೆಗಳು. ಸುಟ್ಟ ಗಾಯದ ಹಾಗೆ ಕಾಣುತ್ತಿತ್ತು.

ಕಾಳವ್ವ ಒಮ್ಮೆ ನೋಡಿದಳು, ತೀರ್ಪು ಕೊಟ್ಟಳು. “ಜ್ಯಾಡ ಉಚ್ಚಿ ಹೊಯ್ದೈತಿ. ಹುರಮಂಜಿ ಅರದು ಹಚ್ಚಿದ್ರ ಮೂರ ದಿನಕ್ಕ ಒಣಗತೈತಿ.”

“ದವಾಖಾನಿಗೆ ಹೋಗಿ ಬರೂಣು ಅತ್ಯಾರ.”

“ಇಷ್ಟಕ್ಕ ದವಾಖಾನಿ? ನಾ ಐದ ಹಡದೇನಿ.”

ಮುತ್ತುರಾಜ ಬುತ್ತಿ ಹಿಡಿದು ಹೊರಟಿದ್ದ. “ಸಂಜಿಗೆ ನೋಡೂಣ,” ಎಂದ. ಸಂಜೆ ಬಂದಾಗ ಕೂಸಿನ ಕುತ್ತಿಗೆಗೆ ಹಚ್ಚಿದ್ದ ಹುರಮಂಜಿಯ ಕೆಮ್ಮಣ್ಣು ಒಣಗಿ ಬಿರುಕು ಬಿಟ್ಟಿತ್ತು, ಕೆರೆದುಕೊಂಡಲ್ಲಿ ರಕ್ತ ಜಿನುಗುತ್ತಿತ್ತು. ದಿನವಿಡೀ ಆ ಅಳು ಕೇಳಿದ್ದ ಚೇತನಾಳ ತಾಳ್ಮೆ ಅಲ್ಲಿಗೆ ಮುಗಿಯಿತು.

“ಮೂರ ತಿಂಗಳಾತು ಹೇಳಾಕತ್ತು. ಗಂಟ ತಗೀರಿ, ಬಲಿ ಹೊಡೀರಿ, ಬಾಗಲ ಸಂದಿ ಮುಚ್ಚರಿ ಅಂತ. ಒಬ್ಬರರ ಕಿವಿ ಮ್ಯಾಲೆ ಹಾಕ್ಕೊಂಡ್ರೇನು? ನಂಗೇನೂ ಗೊತ್ತಿಲ್ಲ. ಈ ಮನ್ಯಾಗ ಒಂದ ಜ್ಯಾಡ ಉಳೀಬಾರದು. ಏನರ ಮಾಡ್ರಿ!”

ಮುತ್ತುರಾಜ ಮಗನ ಕುತ್ತಿಗೆಯನ್ನು ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಚೇತನಾ ಹಿರಿಯ ಮಗಳು ಭಾಗ್ಯಜ್ಯೋತಿಯನ್ನು ಕರೆತರಲು ಅಂಗನವಾಡಿಗೆ ಹೋದಳು, ಅಲ್ಲಿಂದ ಬಜಾರಿಗೆ ಹೋಗಿ ತರಕಾರಿ ಕೊಂಡಳು. ತಿರುಗಿ ಬರುವಾಗ ಓಣಿಯ ತಿರುವಿನಲ್ಲೇ ಮೂಗಿಗೆ ಆ ವಾಸನೆ ಬಡಿಯಿತು. ಹತ್ತಿ, ತೊಗರಿಗೆ ಹೊಡೆಯುವ ಕೀಟನಾಶಕದ ವಾಸನೆ. ಈ ಕಡೆಯ ರೈತರು ಅದಕ್ಕೆ ಎಣ್ಣಿ ಎನ್ನುತ್ತಾರೆ. ಗುಡೂರಿನ ತವರಿನಲ್ಲಿ ಆ ವಾಸನೆಯಲ್ಲೇ ಬೆಳೆದವಳು ಅವಳು. ಹೊಲದ ವಾಸನೆ ಓಣಿಯಲ್ಲಿ ಯಾಕೆ ಎಂದುಕೊಳ್ಳುತ್ತಲೇ ಅವಳ ಹೆಜ್ಜೆ ಬಿರುಸಾಯಿತು.

ಪಡಸಾಲೆಯ ಗೋಡೆಗಳ ಮೇಲೆ ಹನಿ ಇಳಿದ ಗುರುತು. ಬಾಗಿಲ ಬಳಿ ಬೆನ್ನಿಗೆ ಹಾಕಿಕೊಳ್ಳುವ ಪಂಪು. ಆಚೆ ಮನೆಯ ಹಣಮೇಶನ ಹೊಲದ್ದು. ಮುತ್ತುರಾಜ ಬೆವರು ಒರೆಸಿಕೊಳ್ಳುತ್ತ ಗೆದ್ದವನಂತೆ ನಿಂತಿದ್ದ.

“ಮೂಲಿ ಮೂಲಿ ಹೊಡದೇನಿ. ಕುಣಿಯಾಗೂ ಹೊಡದೇನಿ. ಇನ್ನ ಒಂದೂ ಉಳಿಯೂದಿಲ್ಲ ನೋಡು.”

“ಕೂಸೆಲ್ಲೈತಿ?”

“ಹೊಡಿಯೂ ಮುಂದ ಅವ್ವ ಹೊರಗ ಕಟ್ಟಿ ಮ್ಯಾಲೆ ಕುಂಡ್ರಿಸ್ಕೊಂಡಿದ್ದಳು. ನೆಲ ಒಣಗೇತಿ ಅಂತ ಈಗ ಒಳಗ...”

ಕಲ್ಲೇಶ ನಡುಮನೆಯ ನೆಲದ ಮೇಲಿದ್ದ. ನೆಲ ಒಣಗಿತ್ತು, ಎಣ್ಣಿ ಬಿದ್ದ ಕೌದಿ ಇನ್ನೂ ಹಸಿಯಾಗಿತ್ತು. ಅದರ ಅಂಚನ್ನು ಬಾಯಲ್ಲಿಟ್ಟುಕೊಂಡು ಕುಳಿತಿದ್ದವನ ಗದ್ದದಿಂದ ಜೊಲ್ಲು ದಾರವಾಗಿ ಇಳಿಯುತ್ತಿತ್ತು. ಹಣೆಯೆಲ್ಲ ಬೆವರು. ಅವಳು ಎತ್ತಿಕೊಂಡ ಕೂಡಲೇ ವಾಂತಿ ಮಾಡಿದ. ಕಣ್ಣಿನ ಕರಿ ಗುಡ್ಡೆ ಸಾಸಿವೆಕಾಳಿನಷ್ಟು ಸಣ್ಣದಾಗಿತ್ತು. ಕೈಕಾಲು ಹಸಿ ಬಟ್ಟೆಯಂತೆ ಜೋತುಬಿದ್ದವು.

ಚೇತನಾ ಎಂಟನೆಯ ತರಗತಿಯಲ್ಲಿದ್ದಾಗ ಅವಳ ತಂದೆ ಗುರಲಿಂಗಪ್ಪ ಹೊಲದಲ್ಲಿ ಎಣ್ಣಿ ಹೊಡೆದು ಬಂದು ಅಂಗಳದಲ್ಲೇ ಬಿದ್ದಿದ್ದರು. ಆಗ ಊರಿನ ಕಾಂಪೌಂಡರ್ ಮೊದಲು ಮಾಡಿದ ಕೆಲಸ ಅವರ ಬಟ್ಟೆ ಕಳಚಿದ್ದು. ಅವಳಿಗೆ ನೆನಪಾದದ್ದು ಅದೊಂದೇ. ಅಂಗಿ, ಲಂಗೋಟಿ ಕಿತ್ತೆಸೆದು ಕೂಸನ್ನು ಬಚ್ಚಲಿಗೆ ಒಯ್ದು ಸಬಕಾರ ಹಚ್ಚಿ ತಲೆಯಿಂದ ಕಾಲಿನವರೆಗೆ ನೀರು ಹೊಯ್ದಳು. ಕುತ್ತಿಗೆಯ ಹುರಮಂಜಿಯೂ ತೊಳೆದುಹೋಯಿತು.

ಕಾಳವ್ವ ಹುಣಸೆನೀರಿನ ಲೋಟ ಹಿಡಿದು ಓಡಿ ಬಂದಳು. “ಕುಡಸು, ಕುಡಸು, ಎಲ್ಲಾ ಕಾರಿಕೊಂಡ್ರ ಆರಾಮ ಆಗತೈತಿ.”

“ಬ್ಯಾಡ್ರಿ! ಉಸರಿಗೆ ಸಿಕ್ಕೊಂಡೀತು. ಏನೂ ಕುಡಸಬ್ಯಾಡ್ರಿ!” ಚೇತನಾ ಮೊಣಕೈಯಿಂದ ಲೋಟ ತಳ್ಳಿದಳು. ಅತ್ತೆಯ ಮೇಲೆ ಅಷ್ಟು ದನಿ ಏರಿಸಿದ್ದು ಅದೇ ಮೊದಲು. “ಏನ್ರಿ, ಎಣ್ಣಿ ಬಾಟ್ಲಿ ತಗೊಳ್ರಿ. ಬಾಟ್ಲಿ! ಆಟೋ ಕರೀರಿ!”

ದವಾಖಾನೆಯ ಡಾಕ್ಟರ್ ಮೇಡಂ ಬಾಟಲಿಯ ಚೀಟಿಯನ್ನು ಒಮ್ಮೆ ಓದಿದರು, ಕೂಸಿನ ಕಣ್ಣಿಗೆ ಬ್ಯಾಟರಿ ಹಿಡಿದು ನೋಡಿದರು, ಮತ್ತೆ ಯಾರನ್ನೂ ಏನೂ ಕೇಳದೆ ಸೂಜಿಗೆ ಔಷಧಿ ಎಳೆದರು. ಮುಂದಿನ ಎರಡು ತಾಸು ಚೇತನಾಳ ನೆನಪಿನಲ್ಲಿ ತುಂಡು ತುಂಡಾಗಿ ಉಳಿದಿದೆ. ಪುಟ್ಟ ಮೂಗಿಗೆ ಹಾಕಿದ ಆಕ್ಸಿಜನ್ ಕೊಳವೆ. ಕೂಸಿನ ಎದೆಯ ಮೇಲೆ ನರ್ಸಿನ ಎರಡು ಬೆರಳು. ವರಾಂಡದಲ್ಲಿ ಭಾಗ್ಯಜ್ಯೋತಿ, ತರಕಾರಿಯ ಚೀಲವನ್ನು ಇನ್ನೂ ಅಪ್ಪಿಕೊಂಡೇ ನಿಂತದ್ದು.

ಕತ್ತಲಾಗುವ ಮೊದಲು ಕಲ್ಲೇಶ ಅತ್ತ. ಆ ಅಳು ಕೇಳಿದ ಮೇಲೆ ಡಾಕ್ಟರ್ ಕುರ್ಚಿಯಲ್ಲಿ ಕುಳಿತರು.

“ಮನ್ಯಾಗ ಹೊಡಿಯೂ ಎಣ್ಣಿ ಅಲ್ರಿ ಇದು, ಹೊಲದಾಗ ಹೊಡಿಯೂದು. ಮನಿಯೊಳಗ ಯಾಕ ಹೊಡದ್ರಿ?”

“ಜ್ಯಾಡ ಭಾಳ ಆಗಿದ್ವ್ರಿ,” ಮುತ್ತುರಾಜ ನೆಲ ನೋಡುತ್ತ ಹೇಳಿದ. “ಕುತಿಗಿ ಮ್ಯಾಲೆ ಉಚ್ಚಿ ಹೊಯ್ದಿತ್ರಿ.”

ಡಾಕ್ಟರ್ ಕೂಸಿನ ಕುತ್ತಿಗೆಯನ್ನು ಬೆಳಕಿಗೆ ಹೊರಳಿಸಿದರು. “ಇದು ಜ್ಯಾಡಂದಲ್ರಿ. ಮಳಿಗಾಲದಾಗ ಟ್ಯೂಬ್‌ಲೈಟಿಗೆ ಒಂದು ಹುಳ ಬರತೈತಿ. ಇರುವಿಯಂಗ ಉದ್ದಕ, ಕೆಂಪು ಕಪ್ಪು ಪಟ್ಟಿ. ಕಚ್ಚೂದಿಲ್ಲ ಅದು. ಮೈಮ್ಯಾಲೆ ಕುಂತಾಗ ತಿಕ್ಕಿ ಸಾಯಿಸಿದ್ರ ಅದರ ರಸ ಹಿಂಗ ಸುಡತೈತಿ. ತೊಟ್ಟಲಾ ಲೈಟಿನ ಕೆಳಗ ಐತೇನು?”

ತೊಟ್ಟಿಲು ಲೈಟಿನ ಕೆಳಗೇ ಇತ್ತು. ಅಲ್ಲಿ ತೂಗುಹಾಕಿದವಳು ಚೇತನಾಳೇ, ಮಗನ ಮುಖ ಚೆನ್ನಾಗಿ ಕಾಣಲೆಂದು.

“ಹಂಗಾರ ಜ್ಯಾಡ ಏನೂ ಮಾಡೂದಿಲ್ಲೇನ್ರಿ?” ಎಂದು ಚೇತನಾ ಕೇಳಿದಳು.

“ನಮ್ಮ ಮನ್ಯಾಗಿರೂ ಜ್ಯಾಡ ತಾವಾಗಿ ಬಂದು ಕಚ್ಚೂದು ಭಾಳ ಕಮ್ಮಿ. ಬಟ್ಟಿಯಾಗ ಸಿಕ್ಕು ಒತ್ತಿದ್ರ ಕಚ್ಚತಾವ. ಅವಾಗ ಸಬಕಾರ ನೀರಿಲೆ ತೊಳೀರಿ, ತಣ್ಣೀರಾಗ ಅದ್ದಿದ ಅರಬಿ ಇಡ್ರಿ. ಬಾವು ಏರಿದ್ರ, ಜ್ವರ ಬಂದ್ರ, ಕೂಸು ಸುಸ್ತಾದ್ರ, ಉಸರಾಡಾಕ ತ್ರಾಸಾದ್ರ ಇಲ್ಲಿಗೆ ತಗೊಂಡ ಬರ್ರಿ. ಮಣ್ಣು, ಸುಣ್ಣ ಏನೂ ಹಚ್ಚಬ್ಯಾಡ್ರಿ. ಬಲಿ ಹೊಡಿಯಾಕ ಕಸಬರಿಗಿ ಐತಿ, ಮುಚ್ಚಿ ಹಿಡಿಯಾಕ ಗ್ಲಾಸ್ ಐತಿ. ಇಷ್ಟಕ್ಕ ಇಸಾ ಬೇಕೇನ್ರಿ?”

ವರಾಂಡಕ್ಕೆ ಬಂದ ಮೇಲೆ ಚೇತನಾ ಗಂಡನ ಮೇಲೆ ಹರಿಹಾಯ್ದಳು. “ತಲಿಯಾಗ ಏನ ತುಂಬಿಕೊಂಡಿದ್ರಿ? ಕೂಸಿರೂ ಮನ್ಯಾಗ ಎಣ್ಣಿ ಹೊಡಿತಾರೇನು?”

ಮುತ್ತುರಾಜನ ಕಣ್ಣು ಆಗಲೇ ಕೆಂಪಾಗಿದ್ದವು. “ನೀನ ಅಂದಿದ್ದಿ, ಒಂದೂ ಉಳೀಬಾರದು, ಏನರ ಮಾಡ್ರಿ ಅಂತ. ಮಾಡಿದೆ. ಮಾಡಲಿಲ್ಲಂದ್ರೂ ಬೈತಿ, ಮಾಡಿದ್ರೂ ಬೈತಿ. ನಾ ಏನ ಬೇಕಂತ...” ಅವನು ಗೋಡೆಗೆ ಹಣೆ ಹಚ್ಚಿ ನಿಂತ.

ಅವಳಿಗೆ ಇನ್ನಷ್ಟು ಬೈಯಬೇಕಿತ್ತು. ಆದರೆ ಅವನ ಮಾತಿನಲ್ಲಿ ನಿಜವಿತ್ತು. ಏನರ ಮಾಡ್ರಿ ಎಂದಿದ್ದಳು, ಏನು ಮಾಡಬೇಕೆಂದು ತಾನೂ ಯೋಚಿಸಿರಲಿಲ್ಲ. ಮೂರು ತಿಂಗಳು ಹಗೆ ಸಾಧಿಸಿದ ಜೇಡದ್ದು ಇದರಲ್ಲಿ ತಪ್ಪೇ ಇರಲಿಲ್ಲ. ಸಿಟ್ಟಿಗೆ ಒಂದು ನೆಲೆ ಸಿಗದೆ ಅವಳು ಬೆಂಚಿನ ಮೇಲೆ ಕುಳಿತು ಮಗಳ ಕೈಯಿಂದ ತರಕಾರಿ ಚೀಲ ಬಿಡಿಸಿಕೊಂಡಳು.

ನಾಲ್ಕನೆಯ ದಿನ ಕೂಸು ಮನೆಗೆ ಬರುವ ಮೊದಲು ಚೇತನಾ ಒಬ್ಬಳೇ ಬಂದು ಬಾಗಿಲು ಕಿಟಕಿ ತೆರೆದಳು. ಮೂಗಿಗೆ ಸೆರಗು ಕಟ್ಟಿ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಸಬಕಾರದ ನೀರಿನಿಂದ ನೆಲವನ್ನು ಮೂರು ಬಾರಿ ಒರೆಸಿದಳು. ಗೋಡೆಯನ್ನು ಕೈಗೆ ಎಟಕುವಷ್ಟು ಎತ್ತರ ಒರೆಸಿದಳು. ಬಾಯಿಗೆ ಹೋಗಿದ್ದ ಕೌದಿಯನ್ನು ಎಸೆದಳು. ಮಗ್ಗದ ಮೇಲಿನ ಹಾಸಿಗೂ ವಿಷ ತಾಗಿತ್ತು. ಅರ್ಧ ನೇಯ್ದ ಸೀರೆ. ಶಿವಲಿಂಗಪ್ಪನವರು ಕತ್ತರಿ ತಂದು ತಾವೇ ಅದನ್ನು ಕತ್ತರಿಸಿದರು.

“ಮಾವಾರ, ಈ ಗಂಟು...” ಎಂದು ಚೇತನಾ ಶುರು ಮಾಡಿದಳು, ಬೈಗುಳಕ್ಕೆ ಸಿದ್ಧಳಾಗಿ.

ಅವರು ಆಗಲೇ ಮೊದಲ ಗಂಟು ಎಳೆದಿದ್ದರು. ಒಳಗಿನ ನೂಲು ಮುಟ್ಟಿದರೆ ಪುಡಿಯಾಗುವಷ್ಟು ಕೊಳೆತಿತ್ತು. ಒಂಬತ್ತು ಗಂಟುಗಳಲ್ಲಿ ಉಪಯೋಗಕ್ಕೆ ಬಂದದ್ದು ಎರಡು. ಮುದುಕರು ಉಳಿದ ಏಳು ಗಂಟುಗಳನ್ನು ಒಂದೊಂದಾಗಿ ಹೊರಗೆ ಸಾಗಿಸಿದರು. ಇದನ್ನೇ ಮೂರು ತಿಂಗಳ ಹಿಂದೆ ಮಾಡಿದ್ದರೆ ಎಂದು ಬಾಯಿಯವರೆಗೆ ಬಂದದ್ದನ್ನು ಚೇತನಾ ನುಂಗಿಕೊಂಡಳು. ನುಂಗುವುದು ಸುಲಭವಾಗಿರಲಿಲ್ಲ.

ಅಂದಿನಿಂದ ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ತೊಟ್ಟಿಲು ಗೋಡೆಯಿಂದಲೂ ಲೈಟಿನಿಂದಲೂ ದೂರ ಬಂತು. ಮಕ್ಕಳ ಬಟ್ಟೆ ಗೂಟದಿಂದ ಇಳಿದು ಮುಚ್ಚಳದ ಡಬ್ಬಿಗೆ ಹೋದವು. ತೊಡಿಸುವ ಮೊದಲು ಪ್ರತಿಯೊಂದನ್ನೂ ತಿರುವಿ ಝಾಡಿಸುತ್ತಿದ್ದಳು. ಹಾಸು ಹೂಡಿದ ದಿನ ಮಗ್ಗದ ಮೇಲೊಂದು ಹಳೆಯ ಧೋತರ ಹೊದಿಸಿ ಬಲೆ ಹೊಡೆಯುತ್ತಿದ್ದಳು, ವಾರ ಯಾವುದೇ ಇರಲಿ. ಮುತ್ತುರಾಜ ಬಾಗಿಲ ಸಂದಿಗೆ ಸಿಮೆಂಟ್ ಮೆತ್ತಿದ, ಕುಣಿಯ ಮೇಲೆ ಮುಚ್ಚಲು ಹಲಗೆ ಮಾಡಿದ. ಹಲಗೆ ಒಂದು ಗೇಣು ಗಿಡ್ಡವಾಯಿತು. ಉದ್ದದ್ದು ತರುತ್ತೇನೆ ಎಂದು ಇವತ್ತಿಗೂ ಹೇಳುತ್ತಲೇ ಇದ್ದಾನೆ.

ಎಲ್ಲಕ್ಕಿಂತ ಕಷ್ಟವಾದದ್ದು ಮಗಳದ್ದು. ದವಾಖಾನೆಯಿಂದ ಬಂದ ಮೇಲೆ ಭಾಗ್ಯಜ್ಯೋತಿ ಗೋಡೆಯ ಮೇಲೆ ಕಾಳಿನಷ್ಟು ಜೇಡ ಕಂಡರೂ ಕಿರುಚಿ ಹೊರಗೆ ಓಡುತ್ತಿದ್ದಳು. ಕೇಳಿದರೆ, “ಜ್ಯಾಡ ತಮ್ಮಗ ಕಡದು ಸಾಯಸಾಕ ಬಂದಿತ್ತಂತ. ಆಯಿ ಹೇಳಿದಳು,” ಎಂದು ಅಜ್ಜಿಯತ್ತ ಕೈ ತೋರಿಸಿದಳು.

ಚೇತನಾ ಕಣ್ಣು ಮುಚ್ಚಿ ಹತ್ತು ಎಣಿಸಿದಳು. ಆಮೇಲೆ ಒಂದು ಗಾಜಿನ ಲೋಟ ತಂದಳು, ಹಳೆಯ ಮದುವೆಯ ಕಾರ್ಡು ತಂದಳು. ಗೋಡೆಯ ಮೇಲಿದ್ದ ಜೇಡದ ಮೇಲೆ ಲೋಟ ಬೋರಲು ಹಾಕಿ, ಮೆಲ್ಲಗೆ ಕಾರ್ಡು ತೂರಿಸಿ, ಮಗಳ ಮುಂದೆ ಹಿಡಿದಳು. “ನೋಡು. ಒಳಗ ಐತಿ, ನಿನ್ನ ಮುಟ್ಟಂಗಿಲ್ಲ. ಕಾಲ ಎಣಸು.”

“...ಆರು, ಏಳು, ಎಂಟು.”

“ನೀ ಕೈಲೆ ಹಿಡೀಬಾರದು. ಕುಣಿಯಾಗ, ಚಪ್ಪಲ್ಯಾಗ ನೋಡದ ಕೈ ಹಾಕಬಾರದು. ಕಂಡ ಕೂಡಲೆ ನನ್ನ ಕರೀಬೇಕು. ಓಡಬಾರದು. ತಿಳೀತಿಲ್ಲೋ?”

ಮಗಳು ಹಿತ್ತಲ ಬಾಗಿಲ ತನಕ ಹಿಂದೆ ಬಂದಳು. ಅದನ್ನು ನುಗ್ಗೆ ಗಿಡದ ಬುಡದಲ್ಲಿ ಬಿಟ್ಟಾಗ ಚೇತನಾಳ ಸೀರೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದಳು. ಮುಂದೆ ಹದಿನೈದು ದಿನ ಚೇತನಾ ಅಡಿಗೆ ಬಿಟ್ಟು, ಕಂಡಿಕೆ ಬಿಟ್ಟು, ದಿನಕ್ಕೆ ನಾಲ್ಕು ಸಲ ಲೋಟ ಹಿಡಿದು ಓಡಬೇಕಾಯಿತು. ಅರ್ಧ ಸಲ ಅದು ಜೇಡವಲ್ಲ, ನೂಲಿನ ಉಂಡೆ.

ಅತ್ತೆಯ ಮಾತು ಮಗಳ ಹತ್ತಿರ ನಿಂತಿರಲಿಲ್ಲ. ಓಣಿಯೆಲ್ಲ ಹಬ್ಬಿತ್ತು. ನಳದ ಬಳಿ ಹೆಂಗಸರು ಕೇಳುತ್ತಿದ್ದರು: “ಕೂಸಿಗೆ ಜ್ಯಾಡ ಕಡದು ಇಸಾ ಏರಿತ್ತಂತ?” ಎಣ್ಣಿಯ ಮಾತು ಒಬ್ಬರ ಬಾಯಲ್ಲೂ ಇಲ್ಲ. ಚೇತನಾ ಎರಡು ದಿನ ತಿದ್ದಿದಳು, ಮೂರನೆಯ ದಿನ ಸೋತು ಕೊಡ ಎತ್ತಿಕೊಂಡು ಬಂದಳು.

ಆ ಸೋಲು ಹೆಚ್ಚು ದಿನ ಉಳಿಯಲಿಲ್ಲ. ಒಂದು ಮುಂಜಾನೆ ಎದುರು ಮನೆಯ ಕಾಳಪ್ಪ ಅದೇ ಪಂಪನ್ನು ಬೆನ್ನಿಗೇರಿಸಿಕೊಂಡು ಹೊಸ್ತಿಲಲ್ಲಿ ನಿಂತದ್ದು ಕಂಡಿತು. ಅವನ ಹೆಂಡತಿ ಸುಧಾರಾಣಿ ಬಾಣಂತನ ಮುಗಿಸಿ ತವರಿನಿಂದ ಬಂದು ವಾರವಾಗಿತ್ತಷ್ಟೇ. ಮೂರು ತಿಂಗಳ ಕೂಸು ಒಳಗೆ ಮಲಗಿತ್ತು.

ಚೇತನಾ ಕೈಲಿದ್ದ ಲಟ್ಟಣಿಗೆಯ ಸಮೇತ ಬೀದಿಗಿಳಿದಳು.

“ಕಾಳಪ್ಪಣ್ಣ, ಇಳಸರಿ ಅದನ್ನ!”

“ಯಾಕವಾ? ನಿಮ್ಮ ಕೂಸಿಗೆ ಆದದ್ದು ನಮ್ಮ ಕೂಸಿಗೆ ಆಗಬಾರದಂತನ ಹೊಡಿಯಾಕತ್ತೇನಿ.”

“ನಮ್ಮ ಕೂಸಿಗೆ ಆದದ್ದ ಇದರಿಂದ್ರಿ!”

ಸುಧಾರಾಣಿ ಬಾಗಿಲಿಗೆ ಬಂದಳು. ಮುಖ ಬಿಗಿದುಕೊಂಡಿತ್ತು. “ನಿಮ್ಮ ಮನ್ಯಾಗ ಹೊಡೀಬೋದು, ನಮ್ಮ ಮನ್ಯಾಗ ಹೊಡೀಬಾರದೇನ್ರಿ ಅಕ್ಕಾರ?”

ಕಟ್ಟೆಗಳ ಮೇಲೆ ಜನ ತಲೆ ಎತ್ತಿದರು. ಹಣಮೇಶನೂ ಹಲ್ಲುಜ್ಜುತ್ತ ಹೊರಗೆ ಬಂದ. ಎದುರು ಹೊಸ್ತಿಲಲ್ಲಿ ಕಾಳವ್ವ. ಅವಳ ಹಿಂದೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ ಮುತ್ತುರಾಜ. ಚೇತನಾ ಗಂಡನ ಮುಖವನ್ನೊಮ್ಮೆ ನೋಡಿದಳು. ಒಳಗಿನಿಂದ ಸುಧಾರಾಣಿಯ ಕೂಸು ಅತ್ತಿತು.

“ಎಲ್ಲಾರೂ ಕೇಳ್ರಿ. ನನ್ನ ಮಗನಿಗೆ ಜ್ಯಾಡ ಕಡದಿಲ್ಲ. ನನ್ನ ಗಂಡ ಮನ್ಯಾಗ ಎಣ್ಣಿ ಹೊಡದ. ಹೊಡೀರಿ ಅಂತ ಗಂಟ ಬಿದ್ದಾಕಿ ನಾನ. ಅದು ಬಾಯಾಗ ಹೋಗಿ ಕೂಸು ಸಾಯೂದು ಉಳದೈತಿ. ಡಾಕ್ಟರ್‌ನ ಕೇಳ್ರಿ ಬೇಕಾದ್ರ. ಸುಧಾ, ನಿನ್ನ ಮನಿ ಬಲಿ ನಾ ಹೊಡದು ಕೊಡತೇನಿ, ಈಗಿಂದೀಗ. ಕೂಸಿನ ತಗೊಂಡು ನಮ್ಮ ಮನ್ಯಾಗ ಕುಂದ್ರು, ನಡಿ.”

ಕಾಳಪ್ಪ ಪಂಪಿನ ಪಟ್ಟಿ ಸಡಿಲಿಸಿ ಹಣಮೇಶನ ಕಡೆ ನೋಡಿದ. ಹಣಮೇಶ ಉಗುಳಿ, “ನಾ ಪಂಪ ಕೊಟ್ಟಿದ್ದೆ, ಎಲ್ಲಿ ಹೊಡಿತಾರಂತ ನಂಗೇನ ಗೊತ್ತು,” ಎಂದು ಗೊಣಗುತ್ತ ಅದನ್ನು ಇಸಿದುಕೊಂಡ. ಮಧ್ಯಾಹ್ನದ ಹೊತ್ತಿಗೆ ಪಂಪು, ಬಾಟಲಿ ಎರಡೂ ಅವನ ಹೊಲದ ಮನೆಗೆ ಹೋಗಿ ಬೀಗ ಬಿತ್ತು.

ಚೇತನಾ ಸುಧಾರಾಣಿಯ ಮನೆಯ ಜಂತಿಗೆ ಗಳ ಕಟ್ಟಿದ ಕಸಬರಿಗೆ ಹಿಡಿದಾಗ ಆ ಹುಡುಗಿ ಉಪಕಾರದ ಮಾತೇನೂ ಆಡಲಿಲ್ಲ. “ಆ ಮೂಲ್ಯಾಗ ಇನ್ನಾ ಐತಿ ನೋಡ್ರಿ,” ಎಂದು ಬಾಗಿಲಿಂದ ತೋರಿಸಿದಳಷ್ಟೇ. ಮನೆಯಲ್ಲಿ ಮುತ್ತುರಾಜ ಎರಡು ದಿನ ಮಾತು ಬಿಟ್ಟ. ಓಣಿಯ ನಡುವೆ ಮರ್ಯಾದೆ ತೆಗೆದಳು ಎಂಬ ಸಿಟ್ಟು. ಮೂರನೆಯ ದಿನ ಕಲ್ಲೇಶ ಗೋಡೆ ಬಿಟ್ಟು ಮೊದಲ ಸಲ ಎರಡು ಹೆಜ್ಜೆ ನಡೆದ, ಅದನ್ನು ಹೇಳಲು ಯಾರಾದರೂ ಬೇಕಲ್ಲ, ಮಾತು ತಾನಾಗಿ ಬಂತು.

ಅದೇ ವಾರ ಬಾದಾಮಿಯ ಕಡೆಯ ನೆಂಟಳೊಬ್ಬಳು ಕೂಸನ್ನು ನೋಡಲು ಬಂದಳು. ಕಾಳವ್ವನ ಪಕ್ಕ ಕುಳಿತು, “ಜ್ಯಾಡ ಕಡದಿತ್ತಂತಲ್ಲ ಯವ್ವಾ?” ಎಂದು ಕೇಳಿದಳು.

ಒಲೆಯ ಮುಂದಿದ್ದ ಚೇತನಾಳ ಕೈ ನಿಂತಿತು.

ಕಾಳವ್ವ ನೂಲಿನ ತುದಿ ಹುಡುಕಿ ತೆಗೆದಳು. “ಎಣ್ಣಿ ಬಾಯಾಗ ಹೋಗಿತ್ತವಾ. ಮನ್ಯಾಗ ಎಣ್ಣಿ ಹೊಡೀಬಾರದು, ನೀನೂ ನಿನ್ನ ಸೊಸಿಗೆ ಹೇಳು,” ಎಂದಳು. ಮತ್ತೆ ದನಿ ತಗ್ಗಿಸಿ ಸೇರಿಸಿದಳು, “ಆದ್ರೂ ಮೊದಲ ಉಚ್ಚಿ ಹೊಯ್ದದ್ದು ಜ್ಯಾಡನ. ಡಾಕ್ಟರ್‌ಗೇನ ಗೊತ್ತು?”

ಚೇತನಾ ಬೆಂಕಿಗೆ ಕಟ್ಟಿಗೆ ದೂಡಿದಳು. ಮಾತು ಬೆಳೆಸಲು ಅವಳಿಗೆ ಹೊತ್ತಿರಲಿಲ್ಲ. ಕಲ್ಲೇಶ ಆಗಲೇ ನೆಂಟಳ ಚೀಲದೊಳಗೆ ಕೈ ಹಾಕಿದ್ದ.